ಮಕ್ಕಳು ಎದ್ದು ಹೋದ ಮೇಲೆ ಚಾರ್ಟ್ ಪೇಪರ್ ಎಲ್ಲಿಗೆ ಹೋಗುತ್ತದೆ?

ನನ್ನ ಗೆಳೆಯರ ಬಳಗದಲ್ಲಿ ಈಗ ಶನಿವಾರದ ಒಂದು ರೂಢಿ ಉಂಟು. ಮಣಿಪಾಲದ ಕಾಲೇಜು ಹುಡುಗರು, ನಮ್ಮಂಥ ಸಾಫ್ಟ್‌ವೇರ್ ಕಂಪನಿಯವರು ನಾಲ್ಕು ಜನ, ಒಬ್ಬಿಬ್ಬರು ಆರ್ಕಿಟೆಕ್ಟ್‌ಗಳು ಸೇರಿ ಯಾವುದಾದರೂ ಸರಕಾರಿ ಶಾಲೆಗೋ ಊರಿನ ಗ್ರಂಥಾಲಯಕ್ಕೋ ಹೋಗುವುದು. ಮಕ್ಕಳನ್ನು ಗುಂಪು ಮಾಡಿ ಕೂರಿಸುವುದು. ಚಾರ್ಟ್ ಪೇಪರ್, ಸ್ಕೆಚ್ ಪೆನ್, ಅಂಟು, ಬಣ್ಣದ ಕಾಗದ ಕೊಡುವುದು. “ನಿಮ್ಮ ಆಟದ ಮೈದಾನ ಹೇಗಿರಬೇಕು, ಬಿಡಿಸಿ ನೋಡುವಾ” ಅನ್ನುವುದು. ಎರಡು ಗಂಟೆ ಗದ್ದಲವೋ ಗದ್ದಲ. ಮಧ್ಯೆ ಬನ್ಸ್, ಜ್ಯೂಸ್. ಕೊನೆಗೆ ಗ್ರೂಪ್ ಫೋಟೊ. ಸಂಜೆಗೆ ಎಲ್ಲರ ವಾಟ್ಸ್ಯಾಪ್ ಸ್ಟೇಟಸ್ ಕೂಡ ಒಂದೇ.

ಭಾನುವಾರ ಏನು ನಡೆಯುತ್ತದೆ ಎಂಬುದನ್ನು ಯಾರೂ ಸ್ಟೇಟಸ್ ಹಾಕುವುದಿಲ್ಲ. ಆ ಚಾರ್ಟ್ ಪೇಪರ್‌ಗಳು ಸುರುಳಿಯಾಗಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು, ಯಾರದ್ದೋ ಕಾರಿನ ಡಿಕ್ಕಿಯಲ್ಲಿ ಇರುತ್ತವೆ. ಮಳೆಗಾಲ ಬಂದರೆ ಮುಗಿಯಿತು, ನಮ್ಮ ಕರಾವಳಿಯ ತೇವಕ್ಕೆ ಸ್ಕೆಚ್ ಪೆನ್ ಬಣ್ಣ ಒಂದಕ್ಕೊಂದು ಅಂಟಿ ಮೈದಾನ ಯಾವುದು ಮರ ಯಾವುದು ಗೊತ್ತಾಗುವುದಿಲ್ಲ.

ಆಫೀಸಿನಲ್ಲಿ ಹೀಗೆ ಮಾಡಿ ನೋಡಿ. ಕ್ಲೈಂಟ್ ಒಂದು ದೂರು ಹಾಕಿದರೆ ಅದಕ್ಕೊಂದು ಟಿಕೆಟ್ ನಂಬರ್, ಒಬ್ಬ ಜವಾಬ್ದಾರ, ಇಷ್ಟು ಗಂಟೆಯೊಳಗೆ ಉತ್ತರ ಕೊಡಬೇಕೆಂಬ ಕರಾರು. ಮಾಡಲು ಆಗದಿದ್ದರೆ ‘ಆಗುವುದಿಲ್ಲ, ಇಂಥ ಕಾರಣಕ್ಕೆ’ ಎಂದು ಬರೆದೇ ಟಿಕೆಟ್ ಮುಚ್ಚಬೇಕು. ಸುಮ್ಮನೆ ಇರುವಂತಿಲ್ಲ. ಒಂಬತ್ತು ವರ್ಷದ ಹುಡುಗಿ ಎರಡು ಗಂಟೆ ಕುಳಿತು ಬಿಡಿಸಿಕೊಟ್ಟದ್ದಕ್ಕೆ ಟಿಕೆಟ್ ನಂಬರ್ ಯಾಕಿಲ್ಲ?

ಮಕ್ಕಳೊಂದಿಗೆ ಕುಳಿತು ವಿನ್ಯಾಸ ಮಾಡುವುದು ಹೊಸ ವಿಚಾರವೇನಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಲಿಸನ್ ಡ್ರುಯಿನ್ ಎಂಬವರು 1998ರಲ್ಲಿ ‘ಕಿಡ್ಸ್‌ಟೀಮ್’ ಶುರು ಮಾಡಿದರು. ಏಳರಿಂದ ಹನ್ನೊಂದು ವರ್ಷದ ಮಕ್ಕಳು ಶಾಲೆ ಬಿಟ್ಟ ಮೇಲೆ ವಾರಕ್ಕೆ ಎರಡು ಸಲ ಲ್ಯಾಬಿಗೆ ಬಂದು ಸಂಶೋಧಕರ ಜೊತೆ ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದರು. ಮೊದಲು ತಿಂಡಿ, ಆಮೇಲೆ ವೃತ್ತಾಕಾರವಾಗಿ ಕುಳಿತು ಒಂದು ಪ್ರಶ್ನೆ, ನಂತರ ಕೆಲಸ. ಅವರ ಒಂದು ಪದ್ಧತಿ ನನಗೆ ಬಹಳ ಇಷ್ಟ. ಒಂದು ಆ್ಯಪ್ ಅಥವಾ ಆಟಿಕೆ ಕೊಟ್ಟು, ಇಷ್ಟವಾದದ್ದು, ಇಷ್ಟವಾಗದ್ದು, ಹೀಗೆ ಮಾಡಬಹುದು ಅನ್ನಿಸಿದ್ದು, ಇವನ್ನೆಲ್ಲ ಅಂಟುಚೀಟಿಗಳಲ್ಲಿ ಬರೆಯಿಸುತ್ತಾರೆ. ಒಂದು ಚೀಟಿಗೆ ಒಂದೇ ವಿಚಾರ. ಮಕ್ಕಳು ಬರೆಯುತ್ತಿರುವಾಗಲೇ ಒಬ್ಬರು ದೊಡ್ಡವರು ಅವನ್ನು ಗೋಡೆಗೆ ಅಂಟಿಸುತ್ತಾ, ಒಂದೇ ಥರದ್ದನ್ನು ಒಟ್ಟಿಗೆ ಸೇರಿಸುತ್ತಾ ಹೋಗುತ್ತಾರೆ. ಕೊನೆಗೆ ಇವತ್ತಿನ ದೊಡ್ಡ ವಿಚಾರಗಳು ಯಾವುವು ಎಂಬುದನ್ನು ಬೋರ್ಡಿನಲ್ಲಿ ಬರೆದು ಮಕ್ಕಳಿಗೇ ತೋರಿಸುತ್ತಾರೆ. ಅಂದರೆ, ತಾವು ಹೇಳಿದ್ದು ಈ ದೊಡ್ಡವರ ತಲೆಯೊಳಗೆ ಹೇಗೆ ಹೋಯಿತು ಅನ್ನುವುದನ್ನು ಮಕ್ಕಳು ಮನೆಗೆ ಹೊರಡುವ ಮೊದಲೇ ನೋಡುತ್ತಾರೆ. ತಪ್ಪಿದ್ದರೆ “ನಾನು ಹಾಗೆ ಹೇಳಿದ್ದಲ್ಲ” ಅನ್ನಬಹುದು. ಮಕ್ಕಳು ಹೋದ ಮೇಲೆ ದೊಡ್ಡವರು ಅಲ್ಲೇ ಉಳಿದು ಇನ್ನೊಂದು ಸುತ್ತು ಮಾತಾಡುತ್ತಾರೆ.

ಆ ತಂಡ 2002ರಲ್ಲಿ ಹೊರತಂದ ಮಕ್ಕಳ ಡಿಜಿಟಲ್ ಗ್ರಂಥಾಲಯದಲ್ಲಿ ಪುಸ್ತಕವನ್ನು ಮುಖಪುಟದ ಬಣ್ಣದಿಂದ ಹುಡುಕಬಹುದಿತ್ತು. ಕೆಂಪು ಪುಸ್ತಕ, ಹಳದಿ ಪುಸ್ತಕ. ನಮ್ಮಂಥವರ ಕೈಗೆ ಕೊಟ್ಟಿದ್ದರೆ ಲೇಖಕ, ವಿಷಯ, ಪ್ರಕಾಶಕ ಅಂತ ಮೂರು ಕಾಲಂ ಮಾಡಿ ಮುಗಿಸುತ್ತಿದ್ದೆವು. ಮಗುವಿಗೆ ನೆನಪಿರುವುದು ‘ಆ ನೀಲಿ ಪುಸ್ತಕ’. ಇದನ್ನು ಒಂದು ಮಗು ಹೇಳಿದಾಗ ಪಾಪ, ಚಿಕ್ಕ ಮಗು ಅಂತ ನಕ್ಕು ಬಿಡದೆ ಕೋಡ್ ಆಗುವವರೆಗೆ ಹಿಡಿದುಕೊಂಡು ಹೋದ ದೊಡ್ಡವರು ಅಲ್ಲಿದ್ದರು. ನನಗೆ ಬಣ್ಣದ ಹುಡುಕಾಟಕ್ಕಿಂತ ಆ ಹಿಡಿದುಕೊಂಡು ಹೋಗುವ ಕೆಲಸವೇ ದೊಡ್ಡದು ಅನ್ನಿಸುತ್ತದೆ.

ಈಗ ನಮ್ಮ ಊರಿಗೆ ಬರುವಾ.

ನಮ್ಮಲ್ಲಿ ಮೊದಲ ತೊಂದರೆ ಭಾಷೆಯದ್ದು. ಮಕ್ಕಳು ಮಾತಾಡುವುದು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ. ಚಾರ್ಟಿನಲ್ಲಿ ಬರೆಯುವುದು ಪಠ್ಯಪುಸ್ತಕದ ಕನ್ನಡ. ಕಾಪು ಕಡೆಯ ಒಂದು ಶಾಲೆಯಲ್ಲಿ ಒಬ್ಬಳು ಹುಡುಗಿ ಕಟ್ಟಡದ ಹಿಂದಿನ ಮೂಲೆಯನ್ನು ಕಪ್ಪು ಬಣ್ಣ ಬಳಿದು ತುಂಬಿಸಿ, “ಪೋಡಿಗೆ ಆಪುಂಡು” ಅಂದಳು. ಹೆದರಿಕೆ ಆಗುತ್ತದೆ ಅಂತ. ಜೊತೆಗಿದ್ದ ಕಾಲೇಜು ಹುಡುಗ ಪಕ್ಕದಲ್ಲಿ ನೀಟಾಗಿ ಬರೆದ: ‘ಬೆಳಕಿನ ವ್ಯವಸ್ಥೆ ಬೇಕು’. ಅವನ ಮಟ್ಟಿಗೆ ಅದು ಸರಿಯೇ. ಕಪ್ಪು ಅಂದರೆ ಕತ್ತಲೆ, ಕತ್ತಲೆ ಅಂದರೆ ಲೈಟ್. ಆದರೆ ಅವಳ ಹೆದರಿಕೆ ಇದ್ದದ್ದು ಅಲ್ಲಿ ಮಲಗುವ ನಾಯಿಗಳದ್ದು. ಹಗಲಿನದ್ದು. ಅಲ್ಲೊಂದು ಟ್ಯೂಬ್‌ಲೈಟ್ ಹಾಕಿಸಿದ್ದರೆ ದಾನಿಗಳ ಹೆಸರು ಗೋಡೆಗೆ ಬರುತ್ತಿತ್ತು, ನಾಯಿಗಳೂ ಅಲ್ಲೇ ಇರುತ್ತಿದ್ದವು. ತಂಡದಲ್ಲಿದ್ದ ತುಳು ಬಲ್ಲ ಇನ್ನೊಬ್ಬಳು ಊಟದ ಹೊತ್ತಿಗೆ ಹೋಗಿ “ದಾಯೆಗ್?” ಅಂತ ಕೇಳಿದ್ದರಿಂದ ವಿಷಯ ಗೊತ್ತಾಯಿತು. ಯಾಕೆ ಅಂತ ಕೇಳಿದ್ದು, ಅಷ್ಟೇ.

ಹಾಗಾಗಿ ನಾವು ಈಗ ಮಾಡುವುದು ಇದು. ಮಕ್ಕಳು ಹೋದ ಮೇಲೆ, ಅದೇ ಸಂಜೆ, ಅದೇ ಹಾಲಿನಲ್ಲಿ, ಬೆಂಚು ಎತ್ತಿಡುವ ಮೊದಲು ಕುಳಿತು ಬರೆಯುತ್ತೇವೆ. ಮಗು ಹೇಳಿದ ಮಾತು ಹೇಳಿದ ಭಾಷೆಯಲ್ಲೇ ಒಂದು ಕಡೆ. ನಮಗೆ ಅರ್ಥವಾದದ್ದು ಇನ್ನೊಂದು ಕಡೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸುವುದಿಲ್ಲ. ಭಾನುವಾರ ಮಾಡುವಾ ಅಂದರೆ ಆಗುವುದಿಲ್ಲ ಮಾರಾಯ್ರೆ, ರಾತ್ರಿ ಕಳೆಯುವುದರೊಳಗೆ ಮಕ್ಕಳ ಮಾತು ನಮ್ಮ ಮಾತಾಗಿಬಿಡುತ್ತದೆ.

ಎರಡನೆಯ ವಿಷಯಕ್ಕೆ ಒಂದು ಗ್ರಂಥಾಲಯದ ಕಥೆ ಹೇಳಬೇಕು. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರ ನವೆಂಬರ್ 14ರಂದು ಶುರುವಾಯಿತಲ್ಲ, ಅದರ ನಂತರ ಹಲವು ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ಒಂದು ಮೂಲೆ ಹುಟ್ಟಿಕೊಂಡಿತು. ಕಾರ್ಕಳ ತಾಲೂಕಿನ ಅಂಥ ಒಂದು ಗ್ರಂಥಾಲಯದಲ್ಲಿ ಮಕ್ಕಳ ಮೂಲೆ ಹೇಗಿರಬೇಕು ಅಂತ ಮಕ್ಕಳನ್ನೇ ಕೇಳಲು ಹೋಗಿದ್ದೆವು.

ಮೀನಿನ ಆಕಾರದ ಕಿಟಕಿ, ಮರದ ಮೇಲೆ ಮನೆ, ಏಸಿ, ಇವೆಲ್ಲ ಬಂದವು. ಬರಲೇಬೇಕು. ಚಪ್ಪಲಿ ಇಡಲು ಒಳಗೆ ಜಾಗ ಬೇಕು ಎಂಬುದೂ ಬಂತು, ಜುಲೈ ತಿಂಗಳ ಮಳೆಗೆ ಅಂಗಳದಲ್ಲಿ ಬಿಟ್ಟ ಚಪ್ಪಲಿ ತೋಡಿನವರೆಗೆ ಹೋಗುತ್ತದಂತೆ. ಆದರೆ ಹುಡುಗಿಯರ ಮೂರು ಗುಂಪುಗಳ ಚಿತ್ರದಲ್ಲೂ ಒಂದು ವಿಚಿತ್ರ ಇತ್ತು. ಕಟ್ಟಡಕ್ಕೆ ಎರಡು ಬಾಗಿಲು. ಇರುವುದು ಒಂದೇ ಕೋಣೆ, ಎರಡು ಬಾಗಿಲು ಯಾಕೆ? ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ. ಎರಡನೇ ಸಲ ಹೋದಾಗ, ಹೆಣ್ಣುಮಕ್ಕಳು ಮಾತ್ರ ಇದ್ದಾಗ, ಗ್ರಂಥಾಲಯದ ಮೇಲ್ವಿಚಾರಕಿ ಅಕ್ಕ ಪಕ್ಕದಲ್ಲಿ ಕುಳಿತು ಕೇಳಿದ ಮೇಲೆ ಬಾಯಿ ಬಿಟ್ಟರು. ಬಾಗಿಲ ಪಕ್ಕದ ಬೆಂಚಿನಲ್ಲಿ ಪೇಪರ್ ಓದಲು ಊರಿನ ಗಂಡಸರು ಕೂತಿರುತ್ತಾರೆ. ಯಾರೂ ಏನೂ ಮಾಡಿದ್ದಲ್ಲ. “ನೀನು ಯಾರ ಮಗಳು, ಎಷ್ಟನೇ ಕ್ಲಾಸು, ಇಲ್ಲಿ ಎಂತ ಕೆಲಸ” ಅಂತ ಕೇಳುತ್ತಾರೆ. ದಿನಾ ಕೇಳುತ್ತಾರೆ. ಆ ಬಾಗಿಲು ದಾಟುವುದೇ ಬೇಡ ಅನ್ನಿಸಿಬಿಡುತ್ತದೆ.

ಎರಡನೇ ಬಾಗಿಲಿಗೆ ಗೋಡೆ ಒಡೆಯಬೇಕು, ಎಸ್ಟಿಮೇಟ್ ಆಗಬೇಕು, ಪಂಚಾಯತ್ ಸಭೆಯಲ್ಲಿ ಪಾಸ್ ಆಗಬೇಕು. ಪೇಪರ್ ಬೆಂಚನ್ನು ಒಳಗಿನ ಗೋಡೆಯ ಬದಿಗೆ ಸರಿಸಲು ಇಬ್ಬರು ಸಾಕು. ಹಾಗೆಯೇ ಮಾಡಿದರು.

ಹದಿನೈದು ದಿನ ಕಳೆದು ನಾವು ಒಂದು ದೊಡ್ಡ ಚಾರ್ಟ್ ಹಿಡಿದುಕೊಂಡು ಹೋದೆವು. ಮೂರು ಭಾಗ: ‘ಆಯಿತು’, ‘ಆಗ್ತಾ ಉಂಟು’, ‘ಆಗುವುದಿಲ್ಲ, ಯಾಕೆಂದರೆ’. ಮಕ್ಕಳು ಬರೆದ ಪ್ರತಿಯೊಂದು ವಿಚಾರವೂ ಮೂರರಲ್ಲಿ ಒಂದು ಕಡೆ ಇತ್ತು. ಮೀನಿನ ಕಿಟಕಿಯೂ. ಬೆಂಚು, ಚಪ್ಪಲಿ ಸ್ಟ್ಯಾಂಡ್ ‘ಆಯಿತು’ ಕೆಳಗೆ. ನನ್ನ ಲೆಕ್ಕಾಚಾರದಲ್ಲಿ ಮಕ್ಕಳು ಅಲ್ಲೇ ನಿಂತು ಚಪ್ಪಾಳೆ ತಟ್ಟಬೇಕಿತ್ತು. ಅವರೆಲ್ಲ ಗುಂಪುಗೂಡಿದ್ದು ‘ಆಗುವುದಿಲ್ಲ’ದ ಮುಂದೆ. ಒಂದೊಂದನ್ನೂ ಗಟ್ಟಿಯಾಗಿ ಓದಿದರು, ವಾದ ಮಾಡಿದರು.

ಅದರಲ್ಲಿ ಒಂದು, ಗ್ರಂಥಾಲಯ ಸಂಜೆ ಏಳರವರೆಗೆ ತೆರೆದಿರಬೇಕು ಎಂಬುದು. ನಾವು ಬರೆದ ಕಾರಣ: ಮೇಲ್ವಿಚಾರಕಿ ಅಕ್ಕನ ಊರಿಗೆ ಕೊನೆಯ ಬಸ್ಸು ಆರೂಕಾಲಿಗೆ. ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಏಳನೇ ಕ್ಲಾಸಿನ ಒಬ್ಬ ಹೇಳಿದ, “ಹಾಗಾದ್ರೆ ಒಂದು ಚೀಲದಲ್ಲಿ ಇಪ್ಪತ್ತು ಪುಸ್ತಕ ಹಾಕಿ ನಮ್ಮ ಕಡೆಗೆ ಕೊಡಿ ಅಕ್ಕ. ನಾವು ಬುಧವಾರ ವಾಪಸ್ ತರ್ತೇವೆ. ಹೋದ್ರೆ ನನ್ನ ಹೆಸರು ಬರ್ಕೊಳ್ಳಿ.” ಅಕ್ಕ ಒಪ್ಪಿದರು. ಹಳೇ ಸಿಮೆಂಟ್ ಚೀಲದಲ್ಲಿ ಹೊಲಿದ ಕೈಚೀಲ ಒಂದು ಈಗಲೂ ಓಡಾಡುತ್ತಿದೆ.

‘ಆಗುವುದಿಲ್ಲ’ ಎಂದು ಹೇಳಿದರೆ ಮಕ್ಕಳಿಗೆ ಬೇಸರವಾಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅದಕ್ಕೇ ‘ನೋಡುವಾ’ ಅನ್ನುತ್ತೇವೆ. ಉಡುಪಿ ಕಡೆ ‘ನೋಡುವಾ’ ಅಂದರೆ ಏನೆಂದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು, ಪೇಟೆಯಲ್ಲಿ ಐಸ್‌ಕ್ರೀಂ ಕೇಳಿದಾಗಲೆಲ್ಲ ಕೇಳಿದ ಶಬ್ದ ಅದು. ಕಾರಣ ಕೊಟ್ಟ ‘ಇಲ್ಲ’ ಬೇರೆ. ಬಸ್ಸಿನ ಸಮಯ ಗೊತ್ತಾದದ್ದರಿಂದಲೇ ಚೀಲದ ವಿಚಾರ ಹುಟ್ಟಿದ್ದು.

ಈ ಉತ್ತರ ಕೊಡುವ ಕೆಲಸ ಒಳ್ಳೆಯ ಮನಸ್ಸಿನವರ ದೊಡ್ಡಗುಣವಷ್ಟೇ ಅಲ್ಲ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಉಂಟು, ಅದಕ್ಕೆ ತಕ್ಕ ತೂಕ ಕೊಡಬೇಕು ಅನ್ನುತ್ತದೆ. 2009ರಲ್ಲಿ ವಿಶ್ವಸಂಸ್ಥೆಯ ಸಮಿತಿ ಅದನ್ನು ಬಿಡಿಸಿ ಹೇಳಿತು: ಮಕ್ಕಳ ಮಾತಿನಿಂದ ಏನು ಬದಲಾಯಿತು ಎಂಬುದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪುಸ್ತಕದಲ್ಲಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿ ಹಾಕಿದ್ದಾರೆ. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಅನ್ನುತ್ತಾರೆ. ಅದರಲ್ಲೊಂದು ‘ಅಲಂಕಾರ’. ಅತಿಥಿಗಳಿಗೆ ಗುಲಾಬಿ ಹೂ ಕೊಡಲು ಸಾಲಾಗಿ ನಿಲ್ಲಿಸುತ್ತೇವಲ್ಲ, ಅದು.

ಇದೆಲ್ಲ ಜಿನೀವಾದ ಮಾತು ಅಂದುಕೊಳ್ಳಬೇಡಿ. ಮಣಿಪಾಲದಿಂದ ಹೆದ್ದಾರಿ ಹಿಡಿದು ಹೊರಟರೆ ಒಂದು ಗಂಟೆಯೊಳಗೆ ಮುಟ್ಟುವ ಕುಂದಾಪುರ ತಾಲೂಕಿನಲ್ಲಿ, ಅದು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಲೇ, 1995ರ ಹೊತ್ತಿಗೆ ‘ಮಕ್ಕಳ ಪಂಚಾಯತ್’ ಶುರುವಾಗಿತ್ತು. ಈ ಕಡೆಯ ಹುಡುಗರು ಬೆಂಗಳೂರು, ಮುಂಬಯಿ ಹೋಟೆಲುಗಳಿಗೆ ಲೋಟ ತೊಳೆಯಲು ಹೋಗುತ್ತಿದ್ದ ಕಾಲ ಅದು. ಅಂಥ ದುಡಿಯುವ ಮಕ್ಕಳ ಸಂಘಟನೆ ‘ಭೀಮ ಸಂಘ’ ಮತ್ತು ಅದರ ಬೆನ್ನಿಗಿದ್ದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯವರು ಸೇರಿ ಕೆಲವು ಗ್ರಾಮಗಳಲ್ಲಿ ಮಕ್ಕಳಿಂದಲೇ ಚುನಾಯಿತವಾದ ಪಂಚಾಯತ್ ಕಟ್ಟಿದರು. ಶಾಲೆಗೆ ಹೋಗುವವರೂ ದುಡಿಯುವವರೂ ಅದರಲ್ಲಿದ್ದರು.

ನನಗೆ ಅಲ್ಲಿ ಕಣ್ಣಿಗೆ ಬೀಳುವುದು ಚುನಾವಣೆಯಲ್ಲ, ಅದರ ಜೊತೆಗೆ ಕಟ್ಟಿದ ಕಾರ್ಯಪಡೆ. ಮಕ್ಕಳ ಪ್ರತಿನಿಧಿಗಳು ಮತ್ತು ಇಲಾಖೆಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂರುವ ವ್ಯವಸ್ಥೆ. ಮಕ್ಕಳು ಹೇಳುವುದು ಒಂದು ಕಡೆ, ಕೇಳುವವರು ಇನ್ನೊಂದು ಕಡೆ, ಉತ್ತರಿಸಬೇಕಾದವರು ಬೆಂಗಳೂರಿನಲ್ಲಿ ಎಂಬಂತೆ ಇರಲಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ತಾಲೂಕಿನ ಐವತ್ತಕ್ಕೂ ಹೆಚ್ಚು ಪಂಚಾಯತ್‌ಗಳಲ್ಲಿ ಮಕ್ಕಳು ತಮ್ಮ ಊರಿನ ಪಂಚವಾರ್ಷಿಕ ಯೋಜನೆಗೆ ಬೇಕಾದ ಮಾಹಿತಿ ತಾವೇ ಕಲೆಹಾಕಿ, ನಕ್ಷೆ ಬರೆದು, ದೊಡ್ಡವರ ಮುಂದಿಟ್ಟರು. ಆಮೇಲೆ ರಾಜ್ಯ ಸರಕಾರವೇ ಎಲ್ಲ ಗ್ರಾಮ ಪಂಚಾಯತ್‌ಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಸುತ್ತೋಲೆ ಹೊರಡಿಸಿತು. ಈಗ ನವೆಂಬರ್ ಬಂದರೆ ಪೇಪರಿನಲ್ಲಿ ಆ ಸುದ್ದಿ ಓದುತ್ತೀರಿ: ಶೌಚಾಲಯ ಕೊಡಿ, ಕಂಪೌಂಡ್ ಕಟ್ಟಿ, ಬಸ್ಸು ಬಿಡಿ, ಟೀಚರ್ ಕೊಡಿ, ಬೀದಿ ನಾಯಿ ಹಿಡಿಯಿರಿ.

ಮತ್ತೆ ಮಳೆಗಾಲ ಹತ್ತಿರವಾದರೆ ಇನ್ನೊಂದು ಬೇಡಿಕೆ, ಕಾಲುಸಂಕ. ನಮ್ಮ ಜಿಲ್ಲೆಯ ಮಲೆನಾಡಿನ ಅಂಚಿಗೆ ಹೋದವರಿಗೆ ಗೊತ್ತು, ಅಡಿಕೆ ಮರದ ನಾಲ್ಕು ದಬ್ಬೆ, ಕೈಗೆ ಒಂದು ಬಳ್ಳಿಯೋ ಹಗ್ಗವೋ, ಕೆಳಗೆ ಕೆಂಪು ನೀರು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಹುಡುಗಿ ಅಂಥ ಸಂಕದಿಂದ ಜಾರಿ ಹೊಳೆಯ ಪಾಲಾದಳು. ಆಗ ಎಲ್ಲರೂ ಓಡಿ ಬಂದರು.

ಮಗು ಚಾರ್ಟಿನಲ್ಲಿ ಬಿಡಿಸುವ ಸೇತುವೆ ನಮಗೆ ಚಂದದ ಚಿತ್ರವಾಗಿ ಕಾಣುತ್ತದೆ. ಅದರ ಮೇಲೆ ಕಾಮನಬಿಲ್ಲು, ಕೆಳಗೆ ಬಾತುಕೋಳಿ ಬೇರೆ ಇರುತ್ತದೆ. ಆ ಚಿತ್ರ ಯಾವ ಊರಿನದ್ದು, ಯಾವ ತೋಡು, ಎಷ್ಟು ಮಕ್ಕಳು ದಾಟುತ್ತಾರೆ, ಯಾವ ತಿಂಗಳು ನೀರು ಏರುತ್ತದೆ ಎಂದು ಅದರ ಹಿಂದೆ ನಾಲ್ಕು ಸಾಲು ಬರೆಯುವುದು ದೊಡ್ಡವರ ಕೆಲಸ. ಬರೆದದ್ದನ್ನು ಯಾರ ಮೇಜಿನ ಮೇಲೆ ಇಡಬೇಕೋ ಅಲ್ಲಿ ಇಟ್ಟು, ಸೀಲು ಹಾಕಿಸಿಕೊಂಡು, ಅದರ ಪ್ರತಿ ತಂದು ಶಾಲೆಯ ನೋಟೀಸ್ ಬೋರ್ಡಿಗೆ ಹಚ್ಚುವುದೂ ದೊಡ್ಡವರ ಕೆಲಸ. ಇದಕ್ಕೆ ಯಾರೂ ಬನ್ಸ್ ತಿನ್ನಿಸುವುದಿಲ್ಲ, ಫೋಟೊ ಕೂಡ ಚೆನ್ನಾಗಿ ಬರುವುದಿಲ್ಲ.

ಫೋಟೊ ಅಂದಾಗ ನೆನಪಾಯಿತು. ಮಕ್ಕಳ ಮುಖ, ಶಾಲೆಯ ಬೋರ್ಡು, ಯೂನಿಫಾರ್ಮ್ ಎಲ್ಲ ಒಟ್ಟಿಗೆ ಕಾಣುವ ಫೋಟೊ ಹಾಕುವುದು ಬಿಡುವಾ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಕೇಳುತ್ತದೆ, ನಮ್ಮ ಕಂಪನಿಗಳಲ್ಲಿ ಅದಕ್ಕೆ ಟ್ರೇನಿಂಗ್ ಕೂಡ ಆಗುತ್ತದೆ, ಶನಿವಾರ ಮಾತ್ರ ಮರೆತುಹೋಗುತ್ತದೆ. ಚಿತ್ರದ ಫೋಟೊ ಹಾಕಿ, ಸಾಕು.

ಇನ್ನೊಂದು, ಸ್ವಲ್ಪ ಗಂಭೀರದ್ದು. ಕಪ್ಪು ಬಳಿದ ಮೂಲೆಯಲ್ಲಿ ಯಾವಾಗಲೂ ನಾಯಿಯೇ ಇರಬೇಕೆಂದಿಲ್ಲ. ಕೆಲವೊಮ್ಮೆ ಅಲ್ಲಿ ಒಬ್ಬ ಮನುಷ್ಯ ಇರಬಹುದು. ಅಂಥ ಮಾತು ಬಂದರೆ ಅದು ಚಾರ್ಟಿಗೆ ಹೋಗುವ ವಿಷಯವಲ್ಲ, ತಂಡದ ಗ್ರೂಪಿನಲ್ಲಿ ಚರ್ಚಿಸುವ ವಿಷಯ ಮೊದಲೇ ಅಲ್ಲ. ಮಕ್ಕಳ ಸಹಾಯವಾಣಿ 1098. ಲೈಂಗಿಕ ಕಿರುಕುಳದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ದೂರು ಕೊಡಲೇಬೇಕು. ನಮ್ಮ ತಂಡದಲ್ಲಿ ಈಗ ಹೊರಡುವ ಮೊದಲೇ ಒಬ್ಬರನ್ನು ಇದಕ್ಕೆಂದು ಗೊತ್ತು ಮಾಡಿರುತ್ತೇವೆ.

ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಫಾಲೋಅಪ್ ಯಾವ ಆ್ಯಪ್‌ನಲ್ಲೂ ಇಲ್ಲ. ಕಾರ್ಕಳ ಕಡೆಯ ಒಬ್ಬರು ಮಾಷ್ಟ್ರ ಮೇಜಿನ ಮೇಲೆ ಇನ್ನೂರು ಪುಟದ ಒಂದು ಲಾಂಗ್ ಬುಕ್ ಉಂಟು. ‘ಮಕ್ಕಳು ಕೇಳಿದ್ದು’ ಅಂತ ಹೆಸರು. ಎಡಗಡೆ ತಾರೀಕು ಮತ್ತು ಮಕ್ಕಳ ಮಾತು, ಬಲಗಡೆ ಏನಾಯಿತು. ಬಲಗಡೆ ಖಾಲಿ ಇದ್ದದ್ದನ್ನು ಪ್ರತಿ ಶನಿವಾರ ಪ್ರಾರ್ಥನೆಯ ನಂತರ ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಬೇಕು. ನಾನು ಸ್ಪ್ರೆಡ್‌ಶೀಟ್ ಮಾಡಿಕೊಡುತ್ತೇನೆ ಅಂದೆ. “ಬೇಡ ಮಾರಾಯ, ಇದನ್ನು ಮಕ್ಕಳು ತೆರೆದು ನೋಡಬಹುದು” ಅಂದರು. ವಾದಕ್ಕೆ ಏನೂ ಉಳಿಯಲಿಲ್ಲ.

ಪಂಚಾಯತ್ ಭಾಷೆಯಲ್ಲಿ ಇದಕ್ಕೆ ‘ಅನುಪಾಲನಾ ವರದಿ’ ಎಂಬ ಹೆಸರು ಇದ್ದೇ ಇದೆ. ದೊಡ್ಡವರ ಸಭೆಯಲ್ಲಿ ಹಿಂದಿನ ಸಭೆಯ ಅನುಪಾಲನಾ ವರದಿ ಓದದಿದ್ದರೆ ಸದಸ್ಯರು ಎದ್ದು ನಿಂತು ಗಲಾಟೆ ಮಾಡುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲೂ ಸ್ವಾಗತ ಗೀತೆ ಮುಗಿದ ಕೂಡಲೇ ಮೊದಲಿಗೆ ಓದಬೇಕಾದ್ದು ಅದು, ಕಳೆದ ವರ್ಷ ಕೇಳಿದ್ದು ಇಷ್ಟು, ಆದದ್ದು ಇಷ್ಟು, ಆಗದ್ದು ಯಾಕೆ. ಕಳೆದ ವರ್ಷ ಕೇಳಿದ ಐದನೇ ಕ್ಲಾಸಿನ ಹುಡುಗ ಈ ವರ್ಷ ಆರನೇ ಕ್ಲಾಸಿನಲ್ಲಿ ಅಲ್ಲೇ ಮುಂದೆ ಕುಳಿತಿರುತ್ತಾನೆ, ಅವನಿಗೆ ನೆನಪಿರುತ್ತದೆ.

ನೀವು ಊರಿಗೆ ಹೋದಾಗ ಪಂಚಾಯತ್ ಆಫೀಸಿನ ಕಡೆ ಹೋಗಿ ಪಿಡಿಒ ಹತ್ರ ಆ ಒಂದು ಹಾಳೆ ಕೇಳಿ. ಸಾಮಾನ್ಯವಾಗಿ ಕೇಳಿದರೆ ಕೊಡುತ್ತಾರೆ, ಚಾ ಕೂಡ ತರಿಸುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಸಿಕ್ಕಿದ ಹಾಳೆಯ ಒಂದು ಜೆರಾಕ್ಸ್ ಮಾಡಿಸಿ ಅದೇ ಊರಿನ ಶಾಲೆಯ ಹೆಡ್‌ಮಾಷ್ಟ್ರ ಕೈಗೆ ಕೊಟ್ಟು ಬನ್ನಿ.